ಹನ್ನೆರಡನೇ ಮಂಚದ ಮಾತು

ಆ ದಿನ ನರ್ಸಿಂಗ್ ಕಾಲೇಜಿನ ಸಭಾಂಗಣದಲ್ಲಿ ಮೂರು ಸಲ ಚಪ್ಪಾಳೆ ಬಿತ್ತು. ದೀಪ ಹಚ್ಚಿದಾಗ ಒಂದು ಸಲ, ತರಬೇತುದಾರರಿಗೆ ಶಾಲು ಹೊದಿಸಿದಾಗ ಇನ್ನೊಂದು ಸಲ. ಮೂರನೆಯದು ಬೀಳಬಾರದಿತ್ತು. ಅದು ಬಿದ್ದಾಗ ಕೈ ತಟ್ಟದೆ ಕೂತವಳು ನಾನೊಬ್ಬಳೇ ಎಂದು ಹೇಳಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ನನ್ನ ಕೈಯಲ್ಲಿ ಪೆನ್ನಿತ್ತು, ಅಷ್ಟೇ.

ನಾನು ಊರಿನ ದಿನಪತ್ರಿಕೆಯ ವರದಿಗಾರ್ತಿ. ಹೆಸರು ಇಂದುಮತಿ, ಊರವರ ಬಾಯಲ್ಲಿ ಇಂದಕ್ಕ. ವೇದಿಕೆಯ ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ ‘ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆ ತರಬೇತಿ’ ಎಂದಿತ್ತು. ಅದರ ಕೆಳಗೆ ಕಾಲೇಜನ್ನೂ ಆಸ್ಪತ್ರೆಯನ್ನೂ ನಡೆಸುವ ಆಡಳಿತ ಮಂಡಳಿಯ ಅಧ್ಯಕ್ಷರ ಫೋಟೋ ಇತ್ತು. ತರಬೇತಿಗೆ ಬಂದ ಹುಡುಗಿಯರಿಗಿಂತ ಅಧ್ಯಕ್ಷರ ಮೀಸೆಗೆ ಆ ಬ್ಯಾನರಿನಲ್ಲಿ ಹೆಚ್ಚು ಜಾಗ ಸಿಕ್ಕಿತ್ತು.

ನಮ್ಮ ಊರಿನಲ್ಲಿ ಮನಸ್ಸು ಹಗುರವಾಗಿ ಇದ್ದವರ ಮಾತು ಆಡಿದ ಕೂಡಲೇ ಕೇಳುತ್ತದೆ. ಭಾರವಾಗಿ ಇದ್ದವರ ಮಾತು ತಡವಾಗಿ ಬರುತ್ತದೆ. ತುಟಿ ಅಲ್ಲಾಡುವುದು ಕಾಣುತ್ತದೆ, ದನಿ ಇರುವುದಿಲ್ಲ. ದನಿ ಆಮೇಲೆ, ಆಡಿದ ಜಾಗಕ್ಕೇ ಬರುತ್ತದೆ, ಆಡಿದವರು ಅಲ್ಲಿ ಇರಲಿ, ಎದ್ದು ಹೋಗಿರಲಿ. ಸಣ್ಣ ಬೇಸರವಾದರೆ ಚಹಾ ಕುದಿಯುವಷ್ಟು ಹೊತ್ತು ತಡ. ಆಳದ್ದಾದರೆ ದಿನಗಟ್ಟಲೆ ಹಿಡಿಯಬಹುದು. ಊರು ಇದಕ್ಕೆ ಒಗ್ಗಿಕೊಂಡಿದೆ. ಯಾರದಾದರೂ ತುಟಿ ಬರೀ ಅಲ್ಲಾಡಿದರೆ ಪಕ್ಕದಲ್ಲಿದ್ದವರು ಅವರ ಪರವಾಗಿ ಉತ್ತರ ಹೇಳಿಬಿಡುತ್ತಾರೆ. ಇದಕ್ಕೆ ಮಾತು ತುಂಬುವುದು ಎನ್ನುತ್ತಾರೆ. ಕೇಳಿದ ಪ್ರಶ್ನೆ ಏನೇ ಇರಲಿ, ತುಂಬುವ ಮಾತು ಒಂದೇ: ಆರಾಮ. ಆಮೇಲೆ ನಿಜವಾದ ಮಾತು ಬರುವ ಹೊತ್ತಿಗೆ ಅಲ್ಲಿ ಯಾರಾದರೂ ಇದ್ದರೆ ಒಂದು ತಾಟು ಬಾರಿಸಿ ಅದನ್ನು ಮುಚ್ಚುತ್ತಾರೆ. ತಡವಾಗಿ ಬಂದ ಮಾತಿಗೆ ಕಿವಿಗೊಡುವುದು ಸ್ನಾನದ ಮನೆಗೆ ಇಣುಕಿ ನೋಡಿದಷ್ಟೇ ನಾಚಿಕೆಗೇಡು ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಪ್ರತಿ ಮನೆಯ ನಡುಮನೆಯಲ್ಲೂ ಒಂದು ಹಿತ್ತಾಳೆ ತಾಟು, ಒಂದು ಕಟ್ಟಿಗೆಯ ಚಮಚ ತೂಗುಹಾಕಿರುತ್ತವೆ. ನನ್ನ ದೊಡ್ಡಪ್ಪನ ಮಗನ ಮದುವೆಯಲ್ಲಿ ಅಕ್ಷತೆ ಬಿದ್ದು, ಊಟದ ಎರಡನೇ ಪಂಕ್ತಿ ಕೂತಾಗ ಖಾಲಿ ಮಂಟಪದಿಂದ ಮದುಮಗಳ ‘ಒಲ್ಲೆ’ ಕೇಳಿಬಂತು. ಬೀಗರು ಬ್ಯಾಂಡಿನವರಿಗೆ ಕಣ್ಸನ್ನೆ ಮಾಡಿದರು. ಬ್ಯಾಂಡಿನವರಿಗೆ ಅದು ರೂಢಿಯ ಕೆಲಸ; ಅನ್ನ ಕಲಸುತ್ತಿದ್ದ ಕೈಯನ್ನು ಒರೆಸಿಕೊಂಡು ಬಾರಿಸಿದರು.

ನಮ್ಮ ಪತ್ರಿಕೆಯಲ್ಲಿ ಮಾತ್ರ ತುಂಬಿದ ಮಾತಿಗೆ ಜಾಗವಿಲ್ಲ. ಸಂಪಾದಕ ಗುರುಪಾದಪ್ಪನವರು ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: “ಯಾರ ಹೆಸರಿನ್ಯಾಗ ಮಾತು ಬರೀತೀಯೋ ಅವರ ಬಾಯಿಂದ ಬಂದದ್ದು ಬರಿ. ಬರಲಿಲ್ಲಂದ್ರ ಕುಂತು ಕಾಯಿ. ಅಚ್ಚಿನ ಹೊತ್ತಿಗೂ ಬರಲಿಲ್ಲಂದ್ರ ಹೆಸರು ಹಾಕಿ ಎರಡು ಸಾಲು ಖಾಲಿ ಬಿಡು.” ಹಾಗಾಗಿ ನಮ್ಮ ಪತ್ರಿಕೆಯಲ್ಲಿ ಅಲ್ಲಲ್ಲಿ ಬಿಳಿ ಜಾಗ ಇರುತ್ತದೆ. ಮಾತು ಬಂದ ಮೇಲೆ ಅದನ್ನು ಮರುದಿನ ಅಚ್ಚು ಹಾಕುತ್ತೇವೆ. ನನ್ನ ವೃತ್ತಿಯಲ್ಲಿ ಬರೆಯುವುದಕ್ಕಿಂತ ಕಾಯುವುದೇ ಹೆಚ್ಚು.

ತರಬೇತುದಾರ ಪ್ರಭಂಜನ ಅವರು ದೂರದ ದೊಡ್ಡ ಊರಿನಿಂದ ಬಂದವರು. ಅಲ್ಲಿ ಯಾರ ಮಾತೂ ತಡವಾಗುವುದಿಲ್ಲವಂತೆ. ಅಲ್ಲಿಯವರು ಮನಸ್ಸಿನ ಭಾರವನ್ನು ಹೇಗೆ ಕಂಡುಹಿಡಿಯುತ್ತಾರೆ ಎಂದು ಕೇಳಬೇಕೆಂದಿದ್ದೆ, ಆಗಲಿಲ್ಲ. ಅವರು ಚೆನ್ನಾಗಿಯೇ ಹೇಳಿಕೊಟ್ಟರು. “ಮೂರೇ ಮೂರು ವಿಷಯ ನೆನಪಿಟ್ಕೊಳ್ಳಿ. ಕೇಳಿ. ಕೂತ್ಕೊಳ್ಳಿ. ಬಿಟ್ಟು ಹೋಗ್ಬೇಡಿ. ಕಾಲು ಮುರಿದವರಿಗೆ ಡಾಕ್ಟರ್ ಬರೋ ತನಕ ಹಲಗೆ ಕಟ್ತೀರಲ್ಲ, ಹಾಗೇ ಇದು. ‘ಸಾಯ್ಬೇಕು ಅನ್ನಿಸ್ತಿದೆಯಾ’ ಅಂತ ನೇರವಾಗಿ ಕೇಳೋಕೆ ಹೆದರ್ಬೇಡಿ. ಕೇಳಿದ್ರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನೋದು ತಪ್ಪು ತಿಳುವಳಿಕೆ. ಕೇಳಿದ್ರೆ ಅವ್ರಿಗೆ ಉಸಿರು ಸಿಗುತ್ತೆ.” ಹುಡುಗಿಯರು ಮೂರನ್ನೂ ಜೋರಾಗಿ ಹೇಳಿ ಬಾಯಿಪಾಠ ಮಾಡಿದರು.

ಆಮೇಲೆ ಅವರು ಪ್ರಾಂಶುಪಾಲೆಯ ಕಡೆ ತಿರುಗಿ, “ಇಲ್ಲಿ ಮಾತು ಬರೋ ತನಕ ಕಾಯ್ಬೇಕಾಗುತ್ತೆ, ಅಲ್ವಾ ಮೇಡಂ?” ಎಂದರು.

ಪ್ರಾಂಶುಪಾಲೆ ಅನಸೂಯಾ ಹಂಪಣ್ಣವರ ನಕ್ಕರು. ಅವರು ಆಸ್ಪತ್ರೆಯ ನರ್ಸುಗಳ ಮೇಲ್ವಿಚಾರಕರೂ ಹೌದು. “ಅದಕ್ಕ ನಮ್ಮಲ್ಲಿ ಬ್ಯಾರೆ ಪದ್ಧತಿ ಅದರೀ ಸರ. ನಮ್ಮ ಹುಡುಗ್ಯಾರಿಗೆ ಮೊದಲನೇ ವರ್ಷನ ಕಲಿಸಿಬಿಡ್ತೀವಿ. ನೂರು ಮಂಚಕ್ಕ ಒಬ್ಬ ಡಾಕ್ಟರು. ಎಲ್ಲಾರ ಮಾತಿಗೂ ಕಾಯ್ಕೋತ ಕುಂತ್ರ ರೌಂಡ್ಸ್ ಯಾವಾಗ ಮುಗೀಬೇಕು?”

ತರಬೇತುದಾರರು ಗಡಿಯಾರ ನೋಡಿಕೊಂಡರು. ಅವರ ಬಸ್ಸಿಗೆ ಹೊತ್ತಾಗಿತ್ತು.

ಕೊನೆಗೆ ಒಂದು ಪ್ರಾತ್ಯಕ್ಷಿಕೆ. ಮನಸ್ಸು ಕುಗ್ಗಿದವಳ ಪಾತ್ರಕ್ಕೆ ಮೇಡಂ ಎರಡನೇ ವರ್ಷದ ಒಬ್ಬ ಹುಡುಗಿಯನ್ನು ಕರೆದರು. ಅವಳನ್ನು ಇಲ್ಲಿ ದಾನೇಶ್ವರಿ ಎಂದು ಕರೆಯುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ. ತೆಳ್ಳಗೆ, ಕಣ್ಣ ಕೆಳಗೆ ಕಪ್ಪು, ಸಮವಸ್ತ್ರ ಹೆಗಲಿನಿಂದ ಜಾರುವಂತಿತ್ತು. “ಈಕಿ ಈಗೀಗ ಸೊರಗ್ಯಾಳ, ಪಾತ್ರಕ್ಕ ಛಲೋ ಒಪ್ತಾಳ” ಎಂದರು ಮೇಡಂ. ಹಿಂದಿನ ಸಾಲಿನಿಂದ ಯಾರೋ “ಮೇಕಪ್ ಖರ್ಚು ಉಳೀತ ನೋಡ್ರಿ” ಎಂದಳು. ನಗು ಎದ್ದಿತು. ಸಹಾಯಕಿಯ ಪಾತ್ರ ಅವಳ ಗೆಳತಿ ತಸ್ನೀಮಳದು. ಇಬ್ಬರೂ ಕುರ್ಚಿ ಹಾಕಿಕೊಂಡು ಎದುರುಬದುರು ಕೂತರು.

“ದಾನಿ, ಹೆಂಗದೀಯವಾ?” ಎಂದು ತಸ್ನೀಮ್ ಕೇಳಿದಳು.

ದಾನೇಶ್ವರಿಯ ತುಟಿ ಅಲ್ಲಾಡಿತು. ನಾನು ಮುಂದಿನ ಸಾಲಿನಲ್ಲಿದ್ದೆ. ಅದು ಸಣ್ಣ ಉತ್ತರವಾಗಿರಲಿಲ್ಲ. ತುಟಿ ಬಹಳ ಹೊತ್ತು ಅಲ್ಲಾಡಿತು, ಮಧ್ಯೆ ಒಂದು ಸಲ ನಿಂತು ಮತ್ತೆ ಅಲ್ಲಾಡಿತು. ಒಂದು ಅಕ್ಷರವೂ ಕೇಳಲಿಲ್ಲ. ಪಾತ್ರ ಮಾಡುವವರ ಮಾತು ತಡವಾಗುವುದಿಲ್ಲ. ಅದು ನಾಟಕವಾಗಿದ್ದರೆ ಮಾತು ಆಗಲೇ ಕೇಳಬೇಕಿತ್ತು. ತರಬೇತುದಾರರ ಹೊರತು ಸಭಾಂಗಣದಲ್ಲಿ ಇದ್ದವರೆಲ್ಲ ಈ ಊರಿನವರು, ಎಲ್ಲರಿಗೂ ಇದು ಗೊತ್ತು.

ತಸ್ನೀಮ್ ಮೇಡಂ ಮುಖ ನೋಡಿದಳು. ಮೇಡಂ ಕೈಸನ್ನೆ ಮಾಡಿದರು. “ಆರಾಮ ಅದೀನಿ ಅಂತಾಳ್ರೀ” ಎಂದು ತಸ್ನೀಮ್ ತುಂಬಿದಳು.

ಚಪ್ಪಾಳೆ ಬಿದ್ದದ್ದು ಆಗ.

ಅಧ್ಯಕ್ಷರ ಪರವಾಗಿ ಮೇಡಂ ವಂದನೆ ಹೇಳಿದರು, ತರಬೇತುದಾರರು ಬಸ್ಸಿಗೆ ಹೋದರು, ಉಪ್ಪಿಟ್ಟು ಹಂಚಲು ಎಲ್ಲರನ್ನೂ ಹೊರಗೆ ಕರೆದರು. ದಾನೇಶ್ವರಿಗೆ ಮಾತ್ರ ಡ್ಯೂಟಿ ಇತ್ತು. ಅವಳು ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು ಹೆಣ್ಣುಮಕ್ಕಳ ವಾರ್ಡಿನ ಕಡೆ ಹೋದಳು. ಕೇಳಿ, ಕೂತುಕೊಳ್ಳಿ, ಬಿಟ್ಟು ಹೋಗಬೇಡಿ ಎಂದು ಕಲಿತ ಅರವತ್ತು ಹುಡುಗಿಯರೂ ಅವರ ಗುರುಗಳೂ ಕೇಳಿದರು, ಕೂಡಲಿಲ್ಲ, ಬಿಟ್ಟು ಹೋದರು. ಮೇಡಂ ಬಾಗಿಲಲ್ಲಿ ನಿಂತು, “ಇಂದಕ್ಕ, ಫೋಟೋ ದೊಡ್ಡದು ಹಾಕ್ರಿ. ಬರ್ರಿ, ಉಪ್ಪಿಟ್ಟು ಆರತದ” ಎಂದರು.

“ವಿದ್ಯಾರ್ಥಿನಿ ಮಾತು ಬಂದಿಲ್ಲ ಇನ್ನ. ಬರಕೊಂಡು ಬರ್ತೀನಿ” ಎಂದೆ.

“ತಸ್ನೀಮ್ ತುಂಬಿದಳಲ್ಲ.”

“ಅದು ತಸ್ನೀಮಳ ಮಾತು.”

ಮೇಡಂ ಭುಜ ಕುಣಿಸಿ ಹೋದರು. ಪೇಪರಿನವರ ಹಟ ಊರಿಗೆಲ್ಲ ಗೊತ್ತಿತ್ತು. ನಾನು ದಾನೇಶ್ವರಿ ಕೂತಿದ್ದ ಜಾಗದ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಹೊರಗೆ ತಟ್ಟೆಗಳ ಸದ್ದು, ನಗು. ಒಬ್ಬಳು ಉಪ್ಪಿಟ್ಟಿನಲ್ಲಿ ಗೋಡಂಬಿ ಸಿಕ್ಕಿತೆಂದು ಎಲ್ಲರಿಗೂ ತೋರಿಸುತ್ತಿದ್ದಳು. ಬ್ಯಾನರಿನ ಒಂದು ಮೂಲೆ ಕಳಚಿ ಅಧ್ಯಕ್ಷರ ಕಿವಿಯ ಮೇಲೆ ಮಡಚಿ ಬಿದ್ದಿತ್ತು. ನಾನು ಕಾದೆ.

ಮಾತು ಬಂತು. ಖಾಲಿ ಜಾಗದಿಂದ, ಕೂತ ಹುಡುಗಿಯ ಬಾಯಿಯ ಎತ್ತರದಲ್ಲಿ, ಸಣ್ಣ ದನಿಯಲ್ಲಿ ಬಂತು. ಬರೆದುಕೊಂಡದ್ದನ್ನು ಇದ್ದ ಹಾಗೇ ಕೊಡುತ್ತಿದ್ದೇನೆ.

“ಆರಾಮ ಇಲ್ಲ ತಸ್ನೀಮ್. ಹನ್ನೆರಡನೇ ಮಂಚದ ಕಾಶವ್ವನ ಬಾಯಿಗೆ ನಾನ ಮಾತು ತುಂಬಿದೆ. ಆಕಿ ಸತ್ತ ಮ್ಯಾಲೆ ಆಕಿ ಮಾತು ಬಂತು. ನನ್ನ ಕೈಯಾಗ ಆಕಿ ಚಾದರ ಇತ್ತು. ಮೇಡಮ್ಮರಿಗೆ ಹೇಳಿದೆ, ತಾಟು ಯಾಕ ಬಾರಿಸಲಿಲ್ಲ ಅಂತ ಬೈದರು. ನನಗ ಇನ್ನ ಇರೂದು ಬ್ಯಾಡ ಅನಸಾಕತ್ತೈತಿ. ಇದನ್ನ ನೀ ತುಂಬಬ್ಯಾಡ. ಇಷ್ಟು ಬರೂ ತನಕ ಕುಂದರು.”

ನನ್ನ ಹೊರತು ಯಾರೂ ಕೂತಿರಲಿಲ್ಲ.

ವರದಿಗಾರರಿಗೆ ಕೋಪ ಬರಬಾರದು ಎಂದು ಗುರುಪಾದಪ್ಪನವರು ಹೇಳುತ್ತಿರುತ್ತಾರೆ. ಕೋಪ ಬಂದರೆ ವಿಶೇಷಣಗಳು ಬರುತ್ತವೆ, ವಿಶೇಷಣ ಬಂದಲ್ಲಿ ಸಂಗತಿ ಸಣ್ಣದಾಗುತ್ತದೆ ಎನ್ನುತ್ತಾರೆ. ಅದಕ್ಕೇ ಇಲ್ಲಿ ಸಂಗತಿಯಷ್ಟನ್ನೇ ಹೇಳುತ್ತೇನೆ. ನಾನು ಎದ್ದು ಹೊರಗೆ ಹೋದೆ, ಉಪ್ಪಿಟ್ಟಿನ ಸಾಲಿನಿಂದ ತಸ್ನೀಮಳ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದೆ, ಬರೆದದ್ದನ್ನು ಓದಿ ಹೇಳಿದೆ. ಅವಳು ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟುಬಿಟ್ಟಳು.

“ನನ್ನ ಮುಂದ ಹೇಳ್ಯಾಳ” ಎಂದಳು. “ನಾ ತುಂಬಿಬಿಟ್ಟೆ.”

“ಅದು ಆಮ್ಯಾಲೆ. ಮೊದಲ ಆಕಿ ಎಲ್ಲಿ ಅದಾಳ ಹೇಳು.”

ವಾರ್ಡಿಗೆ ಹೋಗುವ ದಾರಿಯುದ್ದಕ್ಕೂ ತಸ್ನೀಮ್ ಕಾಶವ್ವನ ಸಂಗತಿ ಹೇಳಿದಳು. ಕಾಶವ್ವ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸು. ಸುಸ್ತು ಎಂದು ಅಡ್ಮಿಟ್ ಆಗಿದ್ದಳು. ಡಾಕ್ಟರು ರೌಂಡ್ಸಿಗೆ ಬಂದು “ಏನಮ್ಮ, ನೋವೇನಾದ್ರೂ ಐತೇನು?” ಎಂದಾಗ ಅವಳ ತುಟಿ ಅಲ್ಲಾಡಿತು. ಡಾಕ್ಟರು ದಾನೇಶ್ವರಿಯ ಕಡೆ ನೋಡಿದರು. ವಾರ್ಡಿನಲ್ಲಿ ಮಾತು ತುಂಬುವ ಕೆಲಸ ವಿದ್ಯಾರ್ಥಿನಿಯರದು, ಅದಕ್ಕೆ ಅಂಕವೂ ಇದೆ. “ನೋವಿಲ್ಲ, ಆರಾಮ ಅಂತಾಳ್ರೀ” ಎಂದಳು ದಾನೇಶ್ವರಿ. ಡಾಕ್ಟರು ಹದಿಮೂರನೇ ಮಂಚಕ್ಕೆ ಹೋದರು. ಊಟದ ಹೊತ್ತಿಗೆ ಕಾಶವ್ವ ತೀರಿಕೊಂಡಿದ್ದಳು. ಮರುದಿನ ಬೆಳಿಗ್ಗೆ ದಾನೇಶ್ವರಿ ಆ ಮಂಚದ ಚಾದರ ತೆಗೆಯುತ್ತಿದ್ದಾಗ ಖಾಲಿ ದಿಂಬಿನ ಮೇಲಿಂದ ಮಾತು ಬಂತು: “ತಂಗಿ, ಎದಿ ಮ್ಯಾಲೆ ಯಾರೋ ಕುಂತಂಗ ಆಗೈತಿ. ಡಾಕ್ಟರಗ ಹೇಳವಾ.”

ಪ್ರತಿ ಮಂಚದ ತಲೆಯ ಕಡೆ ಒಂದು ತಾಟು ತೂಗುಹಾಕಿರುತ್ತದೆ. ಅವಳು ಬಾರಿಸಲಿಲ್ಲ. ಪೂರ್ತಿ ಕೇಳಿದಳು. ಹೋಗಿ ಮೇಡಂಗೆ ಹೇಳಿದಳು. ಮೇಡಂ, ತಾಟು ಬಾರಿಸದೆ ಇದ್ದದ್ದು ಶಿಸ್ತಿನ ಉಲ್ಲಂಘನೆ ಎಂದು ಅವಳಿಗೆ ಹೆಚ್ಚಿನ ಡ್ಯೂಟಿ ಹಾಕಿದರು. ಹಾಕಿದ್ದು ಅದೇ ವಾರ್ಡಿಗೆ. ಕಾಶವ್ವನ ಮಗ ಬಂದು ‘ಅವ್ವ ಕಡೀಕ ಏನಂದಳು’ ಎಂದು ಕೇಳಿದಾಗ, ‘ಆರಾಮ ಅಂದಳು’ ಎಂದು ಹೇಳುವ ಕೆಲಸವನ್ನೂ ಅವಳಿಗೇ ಕೊಟ್ಟರು. ಇಷ್ಟಾದ ಮೇಲೆ ಹುಡುಗಿಯರು ಗುಸುಗುಸು ಮಾಡತೊಡಗಿದ್ದರಿಂದ ಆಡಳಿತ ಮಂಡಳಿ ಈ ತರಬೇತಿ ಇಟ್ಟಿತು. ದೀಪ, ಶಾಲು, ಉಪ್ಪಿಟ್ಟು, ಪೇಪರಿನವರು.

ವಾರ್ಡಿನಲ್ಲಿ ದಾನೇಶ್ವರಿ ಇರಲಿಲ್ಲ. “ಚಾದರ ತರತೀನಂತ ಹೋಗ್ಯಾಳ, ಇನ್ನ ಬಂದಿಲ್ಲ ನೋಡ್ರಿ” ಎಂದಳು ಹನ್ನೊಂದನೇ ಮಂಚದ ಮುದುಕಿ.

ಬಟ್ಟೆ ಕೋಣೆ ವಾರ್ಡಿನ ತುದಿಯಲ್ಲಿತ್ತು. ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಒಗೆದ ಚಾದರಗಳ ರಾಶಿಯ ನಡುವೆ ಅವಳು ಗೋಡೆಗೆ ಒರಗಿ ಕೂತಿದ್ದಳು. ನಮ್ಮನ್ನು ನೋಡಿ ಎದ್ದು ನಿಲ್ಲಲು ಹೋದಳು. ಡ್ಯೂಟಿಯಲ್ಲಿ ಕೂತದ್ದಕ್ಕೆ ಬೈಯಲು ಬಂದೆವೆಂದು ತಿಳಿದಿರಬೇಕು. ನಾನು ಅವಳ ಎಡಕ್ಕೆ ನೆಲದ ಮೇಲೆ ಕೂತೆ. ತಸ್ನೀಮ್ ಬಲಕ್ಕೆ ಕೂತಳು.

“ದಾನಿ, ಎಲ್ಲಾ ಆರಾಮ...” ಎಂದು ತಸ್ನೀಮ್ ಶುರುಮಾಡಿ, ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡಳು.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನನಗೆ ಗೊತ್ತಿದ್ದುದು ಆ ಬೆಳಿಗ್ಗೆ ವರದಿಗೆಂದು ಬರೆದುಕೊಂಡ ಮೂರು ಮಾತು, ಮತ್ತು ಕಾಯುವುದು. “ನಿನ್ನ ಮಾತು ಬಂತವಾ” ಎಂದೆ. “ಕುರ್ಚಿ ಹತ್ರ ಕುಂತು ಕೇಳಿದೆ. ಪೂರಾ ಕೇಳಿದೆ. ತಾಟು ಯಾರೂ ಬಾರಿಸಲಿಲ್ಲ.”

ಅವಳು ನನ್ನನ್ನೇ ನೋಡಿದಳು.

“ಈಗ ಒಂದು ನೇರ ಕೇಳತೀನಿ. ಸಾಯಬೇಕು ಅನ್ನೂ ವಿಚಾರ ಬರಾಕತ್ತೈತೇನು ನಿನಗ?”

ಅವಳ ತುಟಿ ಅಲ್ಲಾಡಿತು. ದನಿ ಇರಲಿಲ್ಲ. ಕಣ್ಣು ಮಾತ್ರ ಒಮ್ಮೆ ನನ್ನ ಮೇಲೆ, ಒಮ್ಮೆ ತಸ್ನೀಮಳ ಮೇಲೆ ಹೋಗುತ್ತಿತ್ತು. ಯಾರು ತುಂಬುತ್ತಾರೆ, ಯಾರು ಮೊದಲು ಏಳುತ್ತಾರೆ ಎಂದು ನೋಡುತ್ತಿದ್ದಳು. ನಾನು ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಇಟ್ಟೆ. ಬಹಳ ಹೊತ್ತು ಕೂಡಲು ಬಂದವಳು ಎಂದು ಅವಳಿಗೆ ಕಾಣಲಿ ಎಂದು.

ಮಾತು ಬರುವ ಮೊದಲು ಮೇಡಂ ಬಂದರು. ಹಿಂದೆ ಒಬ್ಬ ಸ್ಟಾಫ್ ನರ್ಸ್ ತಾಟು ಹಿಡಿದುಕೊಂಡು ನಿಂತಿದ್ದಳು. “ಏನಿದು ಇಂದಕ್ಕ? ಡ್ಯೂಟಿ ಟೈಮಿನ್ಯಾಗ ಹುಡುಗಿನ್ನ ಕುಂದರಿಸಿಕೊಂಡು ಏನ್ ಇಂಟರ್‌ವ್ಯೂ ನಡಸೀರಿ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ತಲಿ ತಿರಗ್ಯದ, ಅಷ್ಟ. ಆಕಿ ಆರಾಮ ಅದಾಳ.”

“ಆಕಿ ಹೇಳಲಿ, ಬರಕೊಳ್ತೀನಿ.”

“ಪೇಷಂಟುಗಳು ಮಲಗ್ಯಾರ. ಈ ಮಾತು ಬಂದು ಅವರ ಕಿವೀಗೆ ಬಿದ್ರ ಗಾಬರಿ ಆಗ್ತಾರ. ಆಸ್ಪತ್ರಿಗೆ ಒಂದು ಶಿಸ್ತು ಅಂತ ಅದ.” ಅವರು ಹಿಂದೆ ತಿರುಗದೆಯೇ ಕೈ ಚಾಚಿದರು. “ತಾಟು ಕೊಡವಾ.”

ತಸ್ನೀಮ್ ಎದ್ದಳು. ಸ್ಟಾಫ್ ನರ್ಸಿನ ಕೈಯಿಂದ ತಾಟು ತೆಗೆದುಕೊಂಡಳು. ಮೇಡಂಗೆ ಕೊಡುತ್ತಾಳೆ ಎಂದು ನಾನೂ ಅಂದುಕೊಂಡೆ. ಅವಳು ಅದನ್ನು ನೆಲದ ಮೇಲೆ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು.

“ಏಳು” ಎಂದರು ಮೇಡಂ.

“ಮೇಡಮ್ಮರ, ಕೇಳು, ಕುಂದರು, ಬಿಟ್ಟು ಹೋಗಬ್ಯಾಡ ಅಂತ ಕಲಿಸಿದ್ರಿ” ಎಂದಳು ತಸ್ನೀಮ್. ದನಿ ಕೂಡಲೇ ಬಂತು. “ಇವತ್ತ ಕಲಿಸಿದ್ರಿ. ಇನ್ನ ಮರತಿಲ್ಲರೀ.”

“ನಿನ್ನ ಹಾಜರಿ, ನಿನ್ನ ಅಂಕ ಯಾರ ಕೈಯಾಗ ಅದಾವ ಅಂತ ಗೊತ್ತದ ಏನು?”

“ಗೊತ್ತೈತ್ರಿ.”

ಹೇಳಿದಳೇ ಹೊರತು ಏಳಲಿಲ್ಲ. ಬಾಗಿಲಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಸೇರಿದ್ದರು. ಬೆಳಿಗ್ಗೆ ಮೇಕಪ್ಪಿನ ಹಾಸ್ಯ ಮಾಡಿದವಳೂ ಇದ್ದಳು. ಅವಳು ಮೇಡಂ ಪಕ್ಕದಿಂದ ನುಸುಳಿ ಒಳಗೆ ಬಂದು, ತಟ್ಟೆಯನ್ನು ಚಾದರದ ರಾಶಿಯ ಮೇಲೆ ಇಟ್ಟು, ದಾನೇಶ್ವರಿಯ ಕಾಲ ಹತ್ತಿರ ಕೂತಳು. ಆಮೇಲೆ ಇನ್ನೊಬ್ಬಳು. ಕೋಣೆ ಚಿಕ್ಕದು, ಉಳಿದವರು ಹೊರಗೆ ಪಡಸಾಲೆಯ ನೆಲದ ಮೇಲೆ ಕೂತರು. ಕಿಟಕಿಯ ಬಿಸಿಲು ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಸರಿಯಿತು. ಮೇಡಂ ಎರಡು ಸಲ ಹೋಗಿ ಬಂದರು. ಅಧ್ಯಕ್ಷರ ಫೋನ್ ಬಂತೆಂದು ಯಾರೋ ಕರೆದಾಗ ಮೂರನೇ ಸಲ ಹೋದರು.

ಆಮೇಲೆ ಮಾತು ಬಂತು. ಬರುವಾಗ ದಾನೇಶ್ವರಿಯ ತುಟಿ ಮುಚ್ಚಿತ್ತು; ತನ್ನ ಮಾತನ್ನು ಅವಳೂ ನಮ್ಮ ಹಾಗೆ ಕೂತು ಕೇಳಿಸಿಕೊಂಡಳು.

“ಹೂಂನ್ರೀ. ಬರತೈತಿ. ದಿನಾ ಬರತೈತಿ. ಇವತ್ತ ಚಪ್ಪಾಳೆ ಹೊಡದಾಗ ಭಾಳ ಬಂತು. ನನಗ ಅಂಜಿಕಿ ಆಗಾಕತ್ತೈತ್ರಿ. ನೀವು ಎದ್ದು ಹೋಗಬ್ಯಾಡ್ರಿ.”

ಪಡಸಾಲೆಯಲ್ಲಿ ಯಾರೋ ಬಿಕ್ಕಿದರು. ದಾನೇಶ್ವರಿ ಮಾತ್ರ ಅಳಲಿಲ್ಲ. ಸುತ್ತ ನೋಡಿದಳು. ಎಲ್ಲರೂ ಕೂತೇ ಇದ್ದರು. ಆಗ ಅವಳ ಭುಜ ಕೆಳಗೆ ಇಳಿಯಿತು, ಅಳು ಬಂತು. ನಮ್ಮ ಊರಿನಲ್ಲಿ ಮಾತು ತಡವಾಗುತ್ತದೆಯೇ ಹೊರತು ಅಳು ತಡವಾಗುವುದಿಲ್ಲ.

ತಸ್ನೀಮ್ ತಾಟಿನ ಮೇಲೆ ಕೂತಲ್ಲಿಂದಲೇ ಅವಳ ಕೈ ಹಿಡಿದುಕೊಂಡಳು. “ನಾನೂ ತುಂಬೀನಿ ದಾನಿ. ಮೂರನೇ ಮಂಚಕ್ಕ, ಎಂಟನೇ ಮಂಚಕ್ಕ, ಹೆರಿಗಿ ವಾರ್ಡಿನ್ಯಾಗ. ಇಲ್ಲಿ ಕುಂತಾರಲ್ಲ, ಎಲ್ಲಾರೂ ತುಂಬ್ಯಾರ. ನಾವು ತಾಟು ಬಾರಿಸಿದ್ವಿ, ನಮಗ ಕೇಳಸಲಿಲ್ಲ. ನೀ ಬಾರಿಸಲಿಲ್ಲ, ನಿನಗ ಕೇಳಿಸಿತು. ಅಷ್ಟ ವ್ಯತ್ಯಾಸ.”

ಕೇಳಿದ್ದಾಯಿತು, ಕೂತದ್ದಾಯಿತು. ಬಿಟ್ಟು ಹೋಗುವ ಹಾಗಿರಲಿಲ್ಲ. ಪಕ್ಕದ ಊರಿನಲ್ಲಿ ಮನೋರೋಗ ತಜ್ಞೆ ಒಬ್ಬರಿದ್ದರು. ಬೆಳಿಗ್ಗೆ ತರಬೇತುದಾರರು ಅವರ ನಂಬರನ್ನು ಬೋರ್ಡಿನ ಮೇಲೆ ಬರೆದಿದ್ದರು. ಮೇಕಪ್ಪಿನ ಹುಡುಗಿ ಓಡಿಹೋಗಿ ಅದನ್ನು ಬರೆದುಕೊಂಡು ಬಂದಳು. ಬೋರ್ಡ್ ಒರೆಸಲು ಆಗಲೇ ಶುರುಮಾಡಿದ್ದರಂತೆ, ಕೊನೆಯ ಅಂಕಿಯನ್ನು ಒದ್ದೆ ಗುರುತಿನಿಂದ ಓದಿದಳಂತೆ. ಟಂಟಂ ಆಟೋದಲ್ಲಿ ದಾನೇಶ್ವರಿಯ ಆ ಕಡೆ ಈ ಕಡೆ ತಸ್ನೀಮ್ ಮತ್ತು ನಾನು ಕೂತೆವು. ಅಲ್ಲಿ ಆ ಡಾಕ್ಟರು ಪ್ರಶ್ನೆ ಕೇಳಿ, ಹೆಣಿಕೆಯ ಸೂಜಿ ತೆಗೆದು, ಉತ್ತರ ಬರುವ ತನಕ ಸ್ವೆಟರ್ ಹೆಣೆಯುತ್ತ ಕೂತರು. ಅವರ ಮೇಜಿನ ಮೇಲೆ ತಾಟು ಇರಲಿಲ್ಲ. ಸಂಜೆಗೆ ದಾನೇಶ್ವರಿಯ ಅವ್ವ ಬಂದರು, ಚಿಕಿತ್ಸೆ ಶುರುವಾಯಿತು, ಒಬ್ಬಳನ್ನೇ ಬಿಡಬಾರದು ಎಂದು ಡಾಕ್ಟರು ಹೇಳಿದ್ದನ್ನು ಹುಡುಗಿಯರು ಪಾಳಿ ಹಾಕಿಕೊಂಡು ನಡೆಸಿದರು.

ನಾನು ವರದಿ ಬರೆದೆ. ಹುಡುಗಿಯ ಹೆಸರನ್ನೂ ಗುರುತನ್ನೂ ಬಿಟ್ಟೆ. ಅವಳ ಮಾತನ್ನು ಅಚ್ಚು ಹಾಕುವ ಮೊದಲು ಅವಳಿಗೇ ಓದಿ ತೋರಿಸಿ ಒಪ್ಪಿಗೆ ಕೇಳಿದೆ. ಉತ್ತರಕ್ಕೆ ಊಟದ ಹೊತ್ತು ಮೀರುವ ತನಕ ಕಾದೆ, ‘ಹಾಕ್ರಿ’ ಎಂದು ಬಂತು. ಕಾಶವ್ವನ ಮಗನ ಮನೆಗೂ ಹೋದೆ. ಅವನು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ. ಅವನ ತಾಯಿ ನಿಜವಾಗಿ ಏನೆಂದಳು ಎಂದು ಹೇಳಿದೆ. ಅವನ ತುಟಿ ಅಲ್ಲಾಡಿತು. ಅವನ ಹೆಂಡತಿ ತುಂಬಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿದಳು. ಅಲ್ಲಿಯೂ ಕೂತೆ. ಅವನ ಮಾತು ಬಂತು: “ಕೇಳಿದವರು ಯಾರರ ಇದ್ರಲ್ಲ, ಅಷ್ಟ ಸಾಕು. ಮುಚ್ಚಾಕ ಹೇಳಿದವರನ್ನ ಬಿಡಬ್ಯಾಡ್ರಿ.”

ಆಮೇಲೆ ಪ್ರಾಂಶುಪಾಲೆಯ ಕೋಣೆಗೆ ಹೋದೆ. ಆಪಾದನೆ ಯಾರ ಮೇಲಿದೆಯೋ ಅವರ ಮಾತನ್ನೂ ಕೇಳಬೇಕು, ಅದು ನಿಯಮ. ರೋಗಿಗಳ ಮಾತನ್ನು ತುಂಬುವ ಪದ್ಧತಿ ಯಾರದು ಎಂದು ಕೇಳಿದೆ. “ಅದು ಮೊದಲಿನಿಂದ ನಡಕೊಂಡು ಬಂದದ್ದು. ಆಡಳಿತ ಮಂಡಳಿ ಪರಿಶೀಲಿಸ್ತದ” ಎಂಬ ಉತ್ತರ ಕೂಡಲೇ ಬಂತು. ವಿದ್ಯಾರ್ಥಿನಿಯನ್ನು ಅದೇ ವಾರ್ಡಿಗೆ ಹಾಕಿದ್ದೇಕೆ ಎಂದು ಕೇಳಿದೆ. “ಸಿಬ್ಬಂದಿ ಕೊರತಿ” ಎಂದರು, ಅದೂ ಕೂಡಲೇ. ಬರೆದುಕೊಂಡೆ.

“ಕಾಶವ್ವನ ಮಾತು ಕೇಳಿಸಿತು ಅಂತ ಆಕಿ ಬಂದು ಹೇಳಿದಾಗ, ನಿಮಗ ಏನನಿಸಿತು?”

ಮೇಡಂ ಉತ್ತರ ಕೊಟ್ಟರು. ತುಟಿ ಅಲ್ಲಾಡಿತು. ದನಿ ಬರಲಿಲ್ಲ.

ದನಿ ಬರಲಿಲ್ಲವೆಂದು ಅವರಿಗೆ ಗೊತ್ತಾದದ್ದು ನನಗಿಂತ ಒಂದು ಕ್ಷಣ ತಡವಾಗಿ. ಬಾಗಿಲಲ್ಲಿದ್ದ ಗುಮಾಸ್ತ, “ಮೇಡಮ್ಮರು ಆರಾಮ ಅದಾರ, ಮೀಟಿಂಗ್ ಐತಂತರೀ” ಎಂದು ತುಂಬಿದ. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, “ಕಾಯ್ತೀನಿ” ಎಂದೆ. ಅವರಿಗೂ ಒಂದು ಭಾರ ಇದ್ದೀತು. ಇದ್ದರೆ ಅದನ್ನು ಕೇಳಲು ನಾನು ತಯಾರಿದ್ದೆ. ಅವರು ತಯಾರಿರಲಿಲ್ಲ.

ಅವರು ಪೊಲೀಸರನ್ನು ಕರೆಯಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಇಬ್ಬರು ಕಾವಲುಗಾರರು ಕುರ್ಚಿ ಸಮೇತ ನನ್ನನ್ನು ಎತ್ತಿ ಪಡಸಾಲೆಯಲ್ಲಿ ಇಟ್ಟರು. ಮೇಡಂ ತಮ್ಮ ಕಚೇರಿಯನ್ನು ಪಕ್ಕದ ಕಟ್ಟಡಕ್ಕೆ ಸಾಗಿಸಿದರು. ಹಳೆಯ ಕೋಣೆಯಲ್ಲಿ ಒಂದು ರೇಡಿಯೋ ಹಚ್ಚಿ, ದನಿ ಏರಿಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ಬೀಗ ಹಾಕಿಸಿದರು. ಅಂದಿನಿಂದ ಆ ರೇಡಿಯೋ ಒಂದೇ ಸಮನೆ ಹಾಡುತ್ತಿದೆ. ಕೃಷಿ ವಾರ್ತೆ, ಭಕ್ತಿಗೀತೆ, ಮಾರುಕಟ್ಟೆ ಧಾರಣೆ. ಒಳಗೆ ಮಾತು ಬಂದು ಹೋಗಿದೆಯೋ ಇನ್ನೂ ಬರಬೇಕೋ, ಯಾರಿಗೂ ಗೊತ್ತಿಲ್ಲ.

ನಮ್ಮ ಪತ್ರಿಕೆ ವರದಿಯನ್ನು ಮುಖಪುಟದಲ್ಲಿ ಹಾಕಿತು. ಕೊನೆಗೆ ಪ್ರಾಂಶುಪಾಲೆಯ ಹೆಸರು, ಅದರ ಮುಂದೆ ಎರಡು ಖಾಲಿ ಸಾಲು. ಮರುದಿನವೂ ಹೆಸರು, ಎರಡು ಖಾಲಿ ಸಾಲು. ಅಧ್ಯಕ್ಷರು ಜಾಹೀರಾತು ನಿಲ್ಲಿಸಿದರು. ಗುರುಪಾದಪ್ಪನವರು ಆ ಜಾಗವನ್ನೂ ಖಾಲಿ ಬಿಟ್ಟರು. ಚಹಾದಂಗಡಿಯಲ್ಲಿ ಜನ ಈಗ ಪೇಪರು ಬಿಡಿಸಿ ಮೊದಲು ನೋಡುವುದು ಆ ಬಿಳಿ ಜಾಗವನ್ನು. “ಇವತ್ತೂ ಬಂದಿಲ್ಲೇನು?” ಎಂದು ಒಬ್ಬ ಕೇಳುತ್ತಾನೆ. “ರೇಡಿಯೋ ಬಂದ್ ಆಗ್ಲಿ ತಡಿ” ಎನ್ನುತ್ತಾನೆ ಇನ್ನೊಬ್ಬ. ವಾರ್ಡಿನಲ್ಲಿ ಹುಡುಗಿಯರು ಮಾತು ತುಂಬುವುದನ್ನು ನಿಲ್ಲಿಸಿದ್ದಾರೆ. ಡಾಕ್ಟರು ಅವರ ಕಡೆ ನೋಡಿದರೆ ಅವರು ರೋಗಿಯ ಕಡೆ ನೋಡುತ್ತಾರೆ. ರೌಂಡ್ಸ್ ಮಧ್ಯಾಹ್ನದ ತನಕ ಎಳೆಯುತ್ತದೆ ಎಂದು ಡಾಕ್ಟರು ಗೊಣಗುತ್ತಾರೆ. ಗೊಣಗುತ್ತಲೇ ಒಬ್ಬ ಬಾಣಂತಿಯ ರಕ್ತಸ್ರಾವವನ್ನು ಮೊನ್ನೆ ಹೊತ್ತಿಗೆ ಸರಿಯಾಗಿ ನಿಲ್ಲಿಸಿದರು.

ನಾನು ಈಗಲೂ ಬಿಡುವಾದಾಗ ಆ ಪಡಸಾಲೆಗೆ ಹೋಗಿ, ಅದೇ ಕುರ್ಚಿಯಲ್ಲಿ, ಬೀಗ ಹಾಕಿದ ಬಾಗಿಲ ಎದುರು ಕೂಡುತ್ತೇನೆ. ಡ್ಯೂಟಿ ಮುಗಿದ ಹುಡುಗಿಯರು ಬಂದು ನೆಲದ ಮೇಲೆ ಕೂಡುತ್ತಾರೆ. ಇಂದು ದಾನೇಶ್ವರಿ ಬಂದಿದ್ದಳು, ಕಾಲೇಜಿಗೆ ಮರಳಿದ ಮೇಲೆ ಮೊದಲ ಸಲ. ಮೈಗೆ ಸಮವಸ್ತ್ರ ಸರಿಯಾಗಿ ಕೂತಿತ್ತು. ತಸ್ನೀಮ್ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, “ಕುಂದರು, ತಾಟು ಬೇಕೇನು?” ಎಂದು ಛೇಡಿಸಿದಳು. ಒಳಗೆ ರೇಡಿಯೋ ಮೆಣಸಿನಕಾಯಿಯ ಧಾರಣೆ ಹೇಳುತ್ತಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತಿತು. ಧಾರಣೆ ಹೇಳುತ್ತಿದ್ದ ದನಿ ಅರ್ಧಕ್ಕೇ ಕಡಿಯಿತು. ಪ್ರಾಂಶುಪಾಲೆಯ ಹೊಸ ಕಚೇರಿಯ ಕಡೆಯಿಂದ ಯಾರೋ ಓಡಿ ಬರುವ ಸದ್ದು ಕೇಳಿತು, ಜನರೇಟರ್, ಜನರೇಟರ್ ಎಂದು ಕೂಗುತ್ತಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಹುಡುಗಿಯರು ಗುಜುಗುಜು ಶುರುಮಾಡಿದರು.

ದಾನೇಶ್ವರಿ ಎದ್ದು ಬಾಗಿಲಿಗೆ ಕಿವಿ ಹಚ್ಚಿ ನಮ್ಮ ಕಡೆ ತಿರುಗಿದಳು.

“ಎಲ್ಲಾರೂ ಸುಮ್ನಿರ್ರಿ” ಎಂದಳು. ತುಟಿ ಅಲ್ಲಾಡಿದ ಹೊತ್ತಿಗೇ ದನಿಯೂ ಬಂತು.